ಕಿಂಕ್ಸ್‌ಗೆ ಅಮೆರಿಕದ ಬಾಗಿಲು ಮುಚ್ಚಿದ್ದೇ ಒಳ್ಳೆಯದಾಯಿತಾ?

ಹಳೆರೇಡಿಯೋ

ಗೆಳೆಯರೇ, ಬಹಳ ದಿನದಿಂದ ತಲೆಯಲ್ಲಿ ಕೊರೀತಾ ಇರೋ ವಿಷಯ ಇದು. ಅರವತ್ತರ ದಶಕದ ಇಂಗ್ಲಿಷ್ ರಾಕ್ ಅಂದ್ರೆ ನಮ್ಮಲ್ಲಿ ಮಾತು ಬೀಟಲ್ಸ್ ಹತ್ರ ಶುರುವಾಗಿ ರೋಲಿಂಗ್ ಸ್ಟೋನ್ಸ್ ಹತ್ರ ನಿಂತುಬಿಡುತ್ತೆ. ಹೆಚ್ಚೆಂದ್ರೆ 'ದಿ ಹೂ'ವರೆಗೂ ಬರ್ತಾರೆ. ಕಿಂಕ್ಸ್ ಅಂದ ಕೂಡಲೇ "ಓ, ಆ ಒಂದು ಹಾಡಿನವರಾ?" ಅಂತ ಕೇಳ್ತಾರೆ. ನನಗೆ ಅದು ನಿಜಕ್ಕೂ ನೋವಾಗುತ್ತೆ.

ಕಥೆ ಗೊತ್ತಿಲ್ಲದವರಿಗೆ ಚುಟುಕಾಗಿ: ಉತ್ತರ ಲಂಡನ್ನಿನ ಮಸ್ವೆಲ್ ಹಿಲ್ ಕಡೆಯ ಅಣ್ಣತಮ್ಮ, ರೇ ಡೇವಿಸ್ ಮತ್ತು ಡೇವ್ ಡೇವಿಸ್. ಬೇಸ್ ಗಿಟಾರಿಗೆ ಪೀಟ್ ಕ್ವೈಫ್, ಡ್ರಮ್ಸ್‌ಗೆ ಮಿಕ್ ಏವರಿ. ಪೈ ರೆಕಾರ್ಡ್ ಕಂಪನಿಯಿಂದ ಬಂದ ಮೊದಲೆರಡು ಸಿಂಗಲ್‌ಗಳು (ಆಲ್ಬಮ್ ಅಲ್ಲದೆ ಬಿಡಿಯಾಗಿ ಬರೋ ಹಾಡಿನ ತಟ್ಟೆ) ಮಕಾಡೆ ಮಲಗಿದವು. ಮೂರನೆಯದು 'ಯೂ ರಿಯಲಿ ಗಾಟ್ ಮಿ', 1964ರ ಆಗಸ್ಟ್ 4ಕ್ಕೆ ಬಂತು. ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನಲ್ಲಿ ನಂಬರ್ ಒನ್, ಅಮೆರಿಕದಲ್ಲಿ 7ನೇ ಸ್ಥಾನ. ಅದರ ಹಿಂದೆಯೇ ಇನ್ನೆರಡು ಹಾಡು ಅಮೆರಿಕದ ಮೊದಲ ಹತ್ತರೊಳಗೆ ಹೋದವು.

1965ರ ಬೇಸಿಗೆಯಲ್ಲಿ ಅಮೆರಿಕ ಪ್ರವಾಸಕ್ಕೆ ಹೋದರು. ಹೋದಲ್ಲೆಲ್ಲ ಜಗಳ. ದುಡ್ಡಿನ ತಕರಾರು, ಯೂನಿಯನ್ ಜೊತೆ ತಕರಾರು. ಒಂದು ಟಿವಿ ಕಾರ್ಯಕ್ರಮದ ಹೊತ್ತಲ್ಲಿ ಯೂನಿಯನ್ ಕಡೆಯವನೊಬ್ಬ ತಮ್ಮನ್ನು ಹೀನಾಯವಾಗಿ ಬೈದ, ತಾನು ಹೊಡೆದೆ ಅಂತ ರೇ ಆಮೇಲೆ ತಾನೇ ಹೇಳಿಕೊಂಡಿದ್ದಾನೆ. ಅಲ್ಲಿಗೆ ಮುಗೀತು. ಅಮೆರಿಕದ ಸಂಗೀತಗಾರರ ಯೂನಿಯನ್ನು ಇವರಿಗೆ ಪರವಾನಗಿ ಕೊಡೋದನ್ನೇ ನಿಲ್ಲಿಸಿತು. 1969ರವರೆಗೆ ನಾಲ್ಕು ವರ್ಷ ಒಳಗೆ ಕಾಲಿಡೋ ಹಾಗಿರಲಿಲ್ಲ.

ಆ ನಾಲ್ಕು ವರ್ಷ ಯಾವುದು ಅಂತ ಯೋಚನೆ ಮಾಡಿ. ಅಮೆರಿಕದ ದೊಡ್ಡ ಸಂಗೀತ ಮೇಳಗಳಲ್ಲಿ 1967ರ ಮಾಂಟೆರೇ ಉತ್ಸವ ಆ ಅವಧಿಯಲ್ಲೇ ಆಯ್ತು. ವುಡ್‌ಸ್ಟಾಕ್ ಆಗುವ ಹೊತ್ತಿಗೂ ಇವರು ವಾಪಸ್ ಹೋಗಿರಲಿಲ್ಲ. ದಿ ಹೂ ಎರಡೂ ಕಡೆ ಇದ್ದರು. ಇಂಗ್ಲೆಂಡಿನ ಉಳಿದ ಬ್ಯಾಂಡುಗಳೆಲ್ಲ ಅಮೆರಿಕನ್ ದನಿಯಲ್ಲಿ ಹಾಡ್ತಾ ದೊಡ್ಡದಾಗಿ ಬೆಳೆದಾಗ ರೇ ಡೇವಿಸ್ ಲಂಡನ್ನಿನಲ್ಲೇ ಕೂತು ತನ್ನ ಬೀದಿ, ಆಫೀಸಿಗೆ ಹೋಗೋ ಗುಮಾಸ್ತ, ತೆರಿಗೆ ಕಟ್ಟಲಾರದ ಶ್ರೀಮಂತ, ಉದುರಿದ ಎಲೆ ಗುಡಿಸೋ ಭಾನುವಾರ, ಇವುಗಳ ಮೇಲೆ ಹಾಡು ಕಟ್ಟಿದ. 'ವಾಟರ್‌ಲೂ ಸನ್‌ಸೆಟ್' ಬಂದದ್ದು ಆಗ. 'ವಿಲೇಜ್ ಗ್ರೀನ್' ಆಲ್ಬಮ್ ಬಂದದ್ದೂ ಆಗ.

ಬಾಗಿಲು ಮುಚ್ಚಿರದಿದ್ದರೆ ಕಿಂಕ್ಸ್ ಇನ್ನೊಂದು ಗದ್ದಲದ ಬ್ಯಾಂಡ್ ಆಗಿ ಮುಗಿದುಹೋಗ್ತಿತ್ತು ಅಂತ ನನ್ನ ನಂಬಿಕೆ. ನಿಮಗೇನನ್ಸುತ್ತೆ?

ಆರುತಂತಿ

ಸರ್, ಗದ್ದಲವನ್ನ ಅಷ್ಟು ಹಗುರವಾಗಿ ತಗೋಬೇಡಿ! ಗಿಟಾರ್ ಹಿಡಿಯೋ ನಮ್ಮಂಥವರಿಗೆ ಆ ಗದ್ದಲವೇ ಮೂಲ.

ಡೇವ್‌ಗೆ ಆಗ 17 ವರ್ಷ. ಅವನ ಹತ್ರ ಎಲ್ಪಿಕೋ ಅಂತ ಒಂದು ಪುಟ್ಟ ಹಸಿರು ಆಂಪ್ಲಿಫೈಯರ್ ಇತ್ತು. ಅದರ ದನಿ ಅವನಿಗೆ ಸಪ್ಪೆ ಅನ್ನಿಸ್ತು. ಗಡ್ಡ ಹೆರೆಯೋ ಬ್ಲೇಡ್ ತಗೊಂಡು ಸ್ಪೀಕರಿನ ಕಾಗದದ ಶಂಕುವನ್ನ ಸೀಳಿಬಿಟ್ಟ. ಸ್ಪೀಕರ್ ಅಂದ್ರೆ ಒಂದು ಬಿಗಿಯಾದ ಕಾಗದ ಹಿಂದೆ ಮುಂದೆ ಅಲುಗಾಡೋದು, ಅಷ್ಟೇ. ಸೀಳಿದಾಗ ಆ ತುಂಡುಗಳು ಒಂದಕ್ಕೊಂದು ಬಡಿದು ಪಟಪಟ ಅಂತ ಅದುರುತ್ತವೆ. ಹರಿದ ಗಾಳಿಪಟ ಜೋರು ಗಾಳಿಗೆ ಸಿಕ್ಕಾಗ ಹೇಗೆ ಕಿರುಚುತ್ತೆ, ಹಾಗೆ. ಆ ಹರಕು ದನಿಯನ್ನ ದೊಡ್ಡ ವಾಕ್ಸ್ ಆಂಪ್ಲಿಫೈಯರಿಗೆ ಕೊಟ್ಟ. ಈಗ ಅಂಗಡಿಯಲ್ಲಿ ಡಿಸ್ಟಾರ್ಷನ್ ಪೆಡಲ್ ಅಂತ ಡಬ್ಬಿಯಲ್ಲಿ ಸಿಗುತ್ತಲ್ಲ, ಅದನ್ನ ಹುಡುಗ ಮನೆಯಲ್ಲಿ ಕೂತು ಕೈಯಾರೆ ಮಾಡಿಕೊಂಡಿದ್ದ.

ಹಾಡಿನ ರಿಫ್ ನೋಡಿ, ಅಂದ್ರೆ ಮತ್ತೆ ಮತ್ತೆ ಬರೋ ಆ ಗಿಟಾರ್ ತುಣುಕು. ಎಫ್ ಮತ್ತು ಜಿ, ಎರಡೇ ಪವರ್ ಕಾರ್ಡ್. ಐದು ಏಟು. ಆಮೇಲೆ ಅದೇ ರಿಫ್ಫು ಒಂದು ಮೆಟ್ಟಿಲು ಮೇಲೆ ಹೋಗುತ್ತೆ, ಇನ್ನೊಮ್ಮೆ ಜಿಗಿಯುತ್ತೆ. ಅಷ್ಟರಲ್ಲಿ ಕೇಳೋರ ಎದೆ ಬಡಿತ ಏರಿರುತ್ತೆ. ನಾನು ಕಲಿಯೋಕೆ ಶುರು ಮಾಡಿದ ಮೊದಲ ವಾರ ನುಡಿಸಿದ್ದು ಇದನ್ನೇ. ಬೆರಳಿಗೆ ಸುಲಭ. ಆದರೆ ಆ ಸಿಟ್ಟು ಬರೋಕೆ ಎಷ್ಟೋ ವರ್ಷ ಬೇಕಾಯ್ತು.

ಇನ್ನೊಂದು ವಿಷಯ ಗೊತ್ತಿರಲಿ. ಈ ಹಾಡನ್ನ ಮೊದಲು ನಿಧಾನ ಗತಿಯಲ್ಲಿ, ತುಂಬಾ ಎಕೋ ಹಾಕಿ ರೆಕಾರ್ಡ್ ಮಾಡಿದ್ದರು. ರೇ ಅದನ್ನ ಬಿಡುಗಡೆ ಮಾಡೋಕೆ ಬಿಡಲೇ ಇಲ್ಲ. ಎರಡು ಸಿಂಗಲ್ ಸೋತ ಬ್ಯಾಂಡಿನ ಹುಡುಗ ಕಂಪನಿ ಮುಂದೆ ಹಾಗೆ ಹಟ ಹಿಡಿಯೋದು ಸಣ್ಣ ಮಾತಲ್ಲ. ಐಬಿಸಿ ಸ್ಟುಡಿಯೋದಲ್ಲಿ ಹೊಸದಾಗಿ ರೆಕಾರ್ಡ್ ಆಗಿದ್ದೇ ನಾವು ಕೇಳೋದು.

ಮತ್ತೆ ಆ ಸೋಲೋ, ಅಂದ್ರೆ ಹಾಡಿನ ನಡುವೆ ಗಿಟಾರ್ ಒಂದೇ ಮುಂದೆ ಬರೋ ಭಾಗ, ಆಗ ಸ್ಟುಡಿಯೋಗಳಲ್ಲಿ ಬೇರೆಯವರಿಗೆ ಗಿಟಾರ್ ನುಡಿಸ್ತಿದ್ದ ಜಿಮ್ಮಿ ಪೇಜ್ ನುಡಿಸಿದ್ದು ಅನ್ನೋ ಮಾತನ್ನ ದಯವಿಟ್ಟು ಇಲ್ಲಿ ಯಾರೂ ತರಬೇಡಿ. ಕಿಂಕ್ಸ್‌ನ ಮೊದಲ ಆಲ್ಬಮ್ಮಿನಲ್ಲಿ ಪೇಜ್ ಅಲ್ಲಲ್ಲಿ ನುಡಿಸಿದ್ದಾನೆ, ನಿಜ. ಈ ಸೋಲೋ ಮಾತ್ರ ಡೇವ್‌ದು. ಪೇಜ್ ಕೂಡ ತಾನಲ್ಲ ಅಂತ ಹೇಳಿದ್ದಾನೆ. 17ರ ಹುಡುಗನ ಸಾಧನೆಯನ್ನ ಇನ್ನೊಬ್ಬರ ಲೆಕ್ಕಕ್ಕೆ ಬರೆಯೋದು ಅನ್ಯಾಯ. ಡೇವ್ ಜೀವನಪೂರ್ತಿ ಈ ಮಾತಿಗೆ ಉತ್ತರ ಕೊಡ್ತಾನೇ ಇರಬೇಕಾಯ್ತು.

ಕಟ್ಟೀಮ್ಯಾಲೆ

ಹಳೆರೇಡಿಯೋ ಅವರ, ನಿಮ್ಮ ಬರಹ ಓದ್ಲಿಕ್ಕೆ ಛಲೋ ಅದ. ಆದ್ರ ಪೂರ್ತಿ ಒಪ್ಪಲಿಕ್ಕೆ ಆಗವಲ್ದು ನನಗ. ಬಾಗಿಲಾ ಮುಚ್ಚಿದ್ದಕ್ಕ ಹಾಡು ಬಂದ್ವು ಅನ್ನೂದು ಭಾಳ ಸರಳ ಆತು.

'ಎ ವೆಲ್ ರೆಸ್ಪೆಕ್ಟೆಡ್ ಮ್ಯಾನ್' ತಗೋರಿ. ನೀವು ಹೇಳೂ ಆ ಇಂಗ್ಲಿಷ್ ಬೀದಿಯ ಹಾಡುಗಳ ಸಾಲಿನ್ಯಾಗ ಮೊದಲನೇದು ಅದ. ಅದು 1965ರ ಆಗಸ್ಟ್‌ನ್ಯಾಗ ರೆಕಾರ್ಡ್ ಆತು. ಅಮೆರಿಕಾದಿಂದ ಬಂದು ಒಂದು ತಿಂಗಳಾಗಿತ್ತೋ ಇಲ್ಲೋ. ನಾಲ್ಕು ವರ್ಷ ಹೊರಗ ಇರಬೇಕಾಗ್ತದ ಅಂತ ಅವತ್ತು ಯಾರಿಗಿ ಗೊತ್ತಿತ್ತು? ಅದರ ಹಿಂದಿನ ಕಥಿ ಬ್ಯಾರೇನ ಅದ. ರೇ ಸಮುದ್ರದಂಡಿ ಟಾರ್‌ಕೀ ಊರಿನ ಒಂದು ದೊಡ್ಡ ಹೋಟೆಲಿನ್ಯಾಗ ಇಳಿದಿದ್ದ. ಅಲ್ಲಿಯ ಶ್ರೀಮಂತ ಮಂದಿ ಇಂವ ಹಾಡುಗಾರ ಅಂತ ಗುರ್ತು ಹಿಡಿದು ಗಾಲ್ಫ್ ಆಡ್ಲಿಕ್ಕೆ ಕರೆದ್ರು. ದುಡಿದು ತಿನ್ನೂ ಮನ್ಯಾಗ ಹುಟ್ಟಿದ ಹುಡುಗಗ ಅದು ಚುಚ್ಚಿತು. ನಿನ್ನೆ ತನಕಾ ಕಣ್ಣೆತ್ತಿ ನೋಡಲಾರದವರು ಇವತ್ತ ಜೋಡಿ ಆಡು ಅಂತಾರ ಅಂದ್ರ ಹ್ಯಾಂಗ ಅನಸ್ತದ? ಆ ಸಿಟ್ಟಿನಿಂದ ಹುಟ್ಟಿದ ಹಾಡು ಅದು.

ಇನ್ನ 1966ರ ಮಾರ್ಚ್. ದುಡಿದೂ ದುಡಿದೂ ರೇನ ಮೈ ಮನಸ್ಸು ಎರಡೂ ಸೋತು ಹಾಸಿಗಿ ಹಿಡದಾ. ಮ್ಯಾಲೆ ಕೋರ್ಟ್ ಕಚೇರಿ. ಮ್ಯಾನೇಜರ್ ಲ್ಯಾರಿ ಪೇಜ್, ಹಾಡಿನ ಹಕ್ಕು ಇಟಗೊಂಡ ಪ್ರಕಾಶಕರು, ಇವರ ಜೋಡಿ ವ್ಯಾಜ್ಯ ವರ್ಷಗಟ್ಟಲೆ ನಡೀತು. ಹಾಡು ನಂಬರ್ ಒನ್, ಆದ್ರ ರೊಕ್ಕ ಕೈಗೆ ಬರಂಗಿಲ್ಲ. 'ಸನ್ನಿ ಆಫ್ಟರ್‌ನೂನ್' ಬರೆದದ್ದು ಆ ಜಡ್ಡಿನಿಂದ ಎದ್ದ ಮ್ಯಾಲೆ. ಆ ಹಾಡಿನ ಬಿಸಲಿನ್ಯಾಗ ಒಂಥರಾ ದಣಿವು ಅದ, ಕೇಳಿ ನೋಡ್ರಿ.

ಬಾಗಿಲಾ ಮುಚ್ಚಿದ್ದು ಒಂದು ಕಾರಣ, ಇಲ್ಲಂಗಿಲ್ಲ. ಆದ್ರ ಜಾತಿ ಇದ್ದಂಗ ಅಲ್ಲಿ ವರ್ಗ ಅದ. ಅದನ್ನ ಬಿಟ್ಟು ರೇ ಡೇವಿಸ್ ತಿಳಿಯಂಗಿಲ್ಲ.

ಹಳೆರೇಡಿಯೋ

ಕಟ್ಟೀಮ್ಯಾಲೆ ಅವರೇ, ತಾರೀಖು ಹಿಡಿದು ಕೇಳಿದ್ರಿ, ಒಪ್ಪಿದೆ. ಟಾರ್‌ಕೀ ಪ್ರಸಂಗವನ್ನ ನಾನು ಈ ಲೆಕ್ಕಕ್ಕೆ ಹಿಡಿದಿರಲಿಲ್ಲ. ವಿಲೇಜ್ ಗ್ರೀನ್ ಆಲ್ಬಮ್ಮಿನ ಹೆಸರಿಗೆ ಕಾರಣವಾದ 'ವಿಲೇಜ್ ಗ್ರೀನ್' ಹಾಡು ಕೂಡ 1966ರ ನವೆಂಬರ್‌ನಲ್ಲೇ ರೆಕಾರ್ಡ್ ಆಗಿತ್ತು, ಆಲ್ಬಮ್‌ಗಿಂತ ಎರಡು ವರ್ಷ ಮುಂಚೆ. ಅಂದ್ರೆ ಆ ಹಂಬಲ ಮೊದಲಿಂದಲೂ ಇತ್ತು.

ಮಾತು ತಿದ್ದಿಕೊಳ್ತೀನಿ. ಬೀಜ ಮನೆಯದೇ. ಆದರೆ ಅಮೆರಿಕಕ್ಕೆ ವರ್ಷಕ್ಕೆ ಮೂರು ಸಲ ಹೋಗಿ ಬರೋ ಬ್ಯಾಂಡಿಗೆ ಆ ಬೀಜ ಮೊಳೆಯೋಷ್ಟು ವ್ಯವಧಾನ ಸಿಗ್ತಿತ್ತಾ? ಬಸ್ಸು, ಹೋಟೆಲು, ವಿಮಾನ ನಿಲ್ದಾಣ ಸುತ್ತೋ ಬ್ಯಾಂಡುಗಳು ಕೊನೆಗೆ ಬಸ್ಸು ಹೋಟೆಲಿನ ಮೇಲೇ ಹಾಡು ಬರೀತಾವೆ. 1967ರ ಅಕ್ಟೋಬರ್‌ನಲ್ಲಿ 'ಆಟಮ್ ಅಲ್ಮನಾಕ್' ಬಂತು. ಅದರಲ್ಲಿ ತೋಟದ ಹುಳ, ಶನಿವಾರದ ಫುಟ್ಬಾಲು, ಭಾನುವಾರದ ಊಟ. ಇಷ್ಟನ್ನು ಬರೆಯೋಕೆ ಮನುಷ್ಯ ಮನೆಯಲ್ಲಿರಬೇಕು.

ಮೂರನೇಬೆಂಚು

ಸರ್, ಬೀಟಲ್ಸ್ ಜೊತೆ ಕಿಂಕ್ಸ್‌ಗೆ ನಿಜವಾಗ್ಲೂ ಪೈಪೋಟಿ ಇತ್ತಾ? ನಾನು ತೊಂಬತ್ತರ ದಶಕದ ಇಂಗ್ಲಿಷ್ ಬ್ಯಾಂಡುಗಳು, ಬ್ಲರ್, ಓಯಸಿಸ್ ಕೇಳ್ಕೊಂಡು ಬೆಳೆದವನು. ಇವರ ಹಳೇ ಕಥೆ ಅಷ್ಟಾಗಿ ಗೊತ್ತಿಲ್ಲ.

ಹಳೆರೇಡಿಯೋ

ಇತ್ತು ಮಾರಾಯ. ಬೀಟಲ್ಸ್‌ಗೆ ಇವರು ಹತ್ತರಲ್ಲಿ ಹನ್ನೊಂದನೆಯವರು ಅಷ್ಟೇ. ಆದರೆ ರೇ ಮನಸ್ಸಿಗೆ ಅದು ತುಂಬಾ ಹತ್ತಿರದ ವಿಷಯ.

1964ರ ಆಗಸ್ಟ್ 2ಕ್ಕೆ ಬೋರ್ನ್‌ಮತ್ ಊರಿನ ಗಾಮಾಂಟ್ ಥಿಯೇಟರ್‌ನಲ್ಲಿ ಬೀಟಲ್ಸ್ ಕಾರ್ಯಕ್ರಮ. ಅವರಿಗಿಂತ ಮುಂಚೆ ನುಡಿಸೋ ಬ್ಯಾಂಡುಗಳಲ್ಲಿ ಕಿಂಕ್ಸ್ ಒಂದು. ಆ ದಿನ ಜಾನ್ ಲೆನನ್ ತಮ್ಮನ್ನ ಹಂಗಿಸಿದ ಅಂತ ರೇ ಎಷ್ಟೋ ಸಲ ನೆನೆಸಿಕೊಂಡಿದ್ದಾನೆ. ಬಂದಿರೋ ಹುಡುಗಿಯರೆಲ್ಲ ಬೀಟಲ್ಸ್ ಹೆಸರು ಕೂಗ್ತಿದ್ದಾರೆ. ಆಗ ಇವರು ಇನ್ನೂ ಬಿಡುಗಡೆಯಾಗದ 'ಯೂ ರಿಯಲಿ ಗಾಟ್ ಮಿ' ಎತ್ತಿಕೊಂಡರು. ಅದು ಅಂಗಡಿಗೆ ಬಂದದ್ದು ಎರಡು ದಿನದ ಮೇಲೆ, ಗೊತ್ತಲ್ಲ. ಆ ರಿಫ್ಫಿಗೆ ಸಭೆ ತಿರುಗಿ ನೋಡ್ತು ಅಂತ ರೇ ಹೇಳ್ತಾನೆ.

ಎರಡು ವರ್ಷ ಬಿಟ್ಟು, 1966ರ ಜುಲೈನಲ್ಲಿ, ಬ್ರಿಟನ್ನಿನ ನಂಬರ್ ಒನ್ ಜಾಗದಿಂದ ಬೀಟಲ್ಸ್‌ನ 'ಪೇಪರ್‌ಬ್ಯಾಕ್ ರೈಟರ್' ಕೆಳಗಿಳೀತು. ಅದನ್ನ ಇಳಿಸಿದ್ದು ಕಿಂಕ್ಸ್‌ನ 'ಸನ್ನಿ ಆಫ್ಟರ್‌ನೂನ್'. ಅದೇ ತಿಂಗಳ ಕೊನೆಗೆ ಒಂದು ವಾರಪತ್ರಿಕೆ ಬೀಟಲ್ಸ್‌ನ ಹೊಸ ಆಲ್ಬಮ್ 'ರಿವಾಲ್ವರ್' ಮೇಲೆ ಒಂದೊಂದೇ ಹಾಡಾಗಿ ಅಭಿಪ್ರಾಯ ಹೇಳು ಅಂತ ರೇಯನ್ನೇ ಕೂರಿಸಿತು. 'ಯೆಲ್ಲೋ ಸಬ್‌ಮರೀನ್' ಕಸ ಅಂತ ಮುಲಾಜಿಲ್ಲದೆ ಹೇಳಿದ. 'ಎಲೆನರ್ ರಿಗ್ಬಿ' ಕೂಡ ಹಿಡಿಸಲಿಲ್ಲ. 'ಐಯಾಮ್ ಓನ್ಲಿ ಸ್ಲೀಪಿಂಗ್' ಮಾತ್ರ ಬಹಳ ಮೆಚ್ಚಿದ. ಎಲೆನರ್ ರಿಗ್ಬಿ ವಿಷಯದಲ್ಲಿ ರೇ ತಪ್ಪು ಅಂತಲೇ ನನ್ನ ಅಭಿಪ್ರಾಯ. ಆದರೂ ಎದುರಾಳಿಯ ಕೆಲಸವನ್ನ ಮುಖ ನೋಡದೆ ಕಿವಿಯಿಂದ ಮಾತ್ರ ಅಳೆಯೋ ಆ ಧೈರ್ಯ ನನಗಿಷ್ಟ.

ಮತ್ತೆ 1968ರ ನವೆಂಬರ್ 22. ಇದನ್ನ ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತೆ. ವಿಲೇಜ್ ಗ್ರೀನ್ ಆಲ್ಬಮ್ 12 ಹಾಡಿನೊಂದಿಗೆ ಸೆಪ್ಟೆಂಬರ್‌ನಲ್ಲೇ ಬರಬೇಕಿತ್ತು. ಯುರೋಪಿನ ಕೆಲವು ದೇಶಗಳಲ್ಲಿ ಹಾಗೇ ಬಂತು ಕೂಡ. ರೇ ಕಡೇ ಗಳಿಗೆಯಲ್ಲಿ ತಡೆದ, ಇನ್ನೂ ಹಾಡು ಸೇರಿಸಬೇಕು, ಎರಡು ತಟ್ಟೆಯ ಆಲ್ಬಮ್ ಆಗಬೇಕು ಅಂತ. ಕಂಪನಿ ಒಪ್ಪಲಿಲ್ಲ, ಕೊನೆಗೆ 15 ಹಾಡಿಗೆ ರಾಜಿಯಾಯ್ತು. ಆ ತಡದಿಂದಾಗಿ ಅದು ಬಂದ ದಿನವೇ ಬೀಟಲ್ಸ್‌ನ ಬಿಳಿ ಹೊದಿಕೆಯ ಎರಡು ತಟ್ಟೆಯ ಆಲ್ಬಮ್ಮೂ ಬಂತು. ಕಿಂಕ್ಸ್‌ನ ಅತಿ ಶ್ರೇಷ್ಠ ಕೆಲಸ ಚಾರ್ಟಿನ ಬಾಗಿಲನ್ನೂ ಮುಟ್ಟಲಿಲ್ಲ. ಊರ ನಡುವಿನ ಹುಲ್ಲುಬಯಲು, ಹಳೇ ಗೆಳೆಯ, ಫೋಟೋ ಆಲ್ಬಮ್ಮು, ಕೊನೆಯ ಉಗಿಬಂಡಿ, ಇವನ್ನೆಲ್ಲ ಕಾಪಾಡೋಣ ಅಂತ ಹಾಡಿದ್ದು ಆ ವರ್ಷ ಯಾರಿಗೂ ಬೇಕಾಗಿರಲಿಲ್ಲ. 50 ವರ್ಷ ಆದಮೇಲೆ, 2018ರಲ್ಲಿ, ಬ್ರಿಟನ್ನಿನಲ್ಲಿ ಅದಕ್ಕೆ ಗೋಲ್ಡ್ ಡಿಸ್ಕ್ ಸಿಕ್ತು.

ಶ್ರುತಿಪೆಟ್ಟಿಗೆ

ನಾನು ಈ ಚರ್ಚೆಗೆ ಬೇರೆ ಬಾಗಿಲಿನಿಂದ ಬಂದವಳು. ಕರ್ನಾಟಕ ಸಂಗೀತ ಕಲೀತಾ ಇದ್ದೀನಿ, ರಾಕ್ ಕೇಳೋದು ಕಡಿಮೆ. ಆದರೆ ಕಿಂಕ್ಸ್‌ನ ಒಂದು ಹಾಡಿನ ಬಗ್ಗೆ ಹೇಳಲೇಬೇಕು, ಯಾಕಂದ್ರೆ ಬೀಟಲ್ಸ್ ಪೈಪೋಟಿಯಲ್ಲಿ ಇದು ಯಾವಾಗಲೂ ಬಿಟ್ಟುಹೋಗುತ್ತೆ.

1965ರ ಜನವರಿಯಲ್ಲಿ ಆಸ್ಟ್ರೇಲಿಯಾ ಪ್ರವಾಸಕ್ಕೆ ಹೋಗ್ತಾ ಕಿಂಕ್ಸ್ ಬೊಂಬಾಯಿಯಲ್ಲಿ ತಂಗಿದ್ದರು. ಬೆಳಗಿನ ಜಾವ ಮೀನುಗಾರರು ಬಲೆ ಹೊತ್ತುಕೊಂಡು ಹಾಡಿಕೊಂಡು ಕಡಲ ಕಡೆ ನಡೀತಿದ್ದರು. ಆ ದನಿ ರೇ ಕಿವಿಯಲ್ಲಿ ಉಳೀತು. ಅದೇ ವರ್ಷ ಜುಲೈನಲ್ಲಿ 'ಸೀ ಮೈ ಫ್ರೆಂಡ್ಸ್' ಬಂತು. ಬೀಟಲ್ಸ್ ಸಿತಾರ್ ನುಡಿಸಿದ 'ನಾರ್ವೇಜಿಯನ್ ವುಡ್' ರೆಕಾರ್ಡ್ ಆದದ್ದು ಅಕ್ಟೋಬರ್‌ನಲ್ಲಿ, ಜನರಿಗೆ ಸಿಕ್ಕಿದ್ದು ಡಿಸೆಂಬರ್‌ನಲ್ಲಿ.

ಮೊದಲು ಯಾರು ಅನ್ನೋದು ನನಗೆ ಅಷ್ಟು ಮುಖ್ಯವಲ್ಲ. ಯಾರ್ಡ್‌ಬರ್ಡ್ಸ್ ಕೂಡ ಅದೇ ಬೇಸಿಗೆಯಲ್ಲಿ ನಮ್ಮ ಕಡೆಯ ದನಿ ಹುಡುಕ್ತಾ ಇದ್ದರು. ನನಗೆ ಬೆರಗಾದದ್ದು ಬೇರೆ. ಬೀಟಲ್ಸ್ ಹಾಡಿನಲ್ಲಿ ಸಿತಾರ್ ಇದೆ. ಆದರೆ ಹಾಡಿನ ಒಳಗಿನ ಕಟ್ಟು ಅವರದೇ. ಕಿಂಕ್ಸ್ ಹಾಡಿನಲ್ಲಿ ನಮ್ಮ ವಾದ್ಯ ಒಂದೂ ಇಲ್ಲ. 12 ತಂತಿಯ ಗಿಟಾರನ್ನ ಆಂಪ್ಲಿಫೈಯರ್ ಹತ್ರ ಹಿಡಿದು ಅದು ಗುಂಯ್‌ಗುಡೋ ಹಾಗೆ ಮಾಡಿದ್ದಾರೆ, ಅಷ್ಟೇ. ಆ ನಾದ ಕೆಳಗೆ ನಿಂತೇ ಇರುತ್ತೆ, ನಮ್ಮ ತಂಬೂರದ ಹಾಗೆ. ಮೇಲೆ ರೇ ಮೂಗಿನಲ್ಲಿ ಎಳೆದೆಳೆದು ಹಾಡ್ತಾನೆ. ಸ್ವರದಿಂದ ಸ್ವರಕ್ಕೆ ನೆಗೆಯೋ ಬದಲು ಜಾರ್ತಾನೆ. ಮೊದಲ ಸಲ ಕೇಳಿದಾಗ ಇವರು ವಾದ್ಯ ಬಿಟ್ಟು ಶ್ರುತಿಯನ್ನೇ ಹಿಡಿದಿದ್ದಾರಲ್ಲ ಅಂತ ಮೈ ಜುಮ್ಮೆಂದಿತು. ಒಂದು ಬೆಳಗಿನ ಜಾವ, ಯಾರೋ ಕೆಲಸಕ್ಕೆ ಹೋಗೋರ ಹಾಡು ಕೇಳಿ, ಗುರುವಿಲ್ಲದೆ, ಅದರ ಬೇರಿಗೇ ಕಿವಿ ಹೋಗಿದೆ.

ಆ ಹಾಡಿನಲ್ಲಿ ಯಾಕೆ ಅಷ್ಟು ದುಃಖ ಇದೆ ಅನ್ನೋದು ಮಾತ್ರ ನನಗೆ ಗೊತ್ತಾಗಿಲ್ಲ. ಮೇಲ್ನೋಟಕ್ಕೆ ನದಿಯಾಚೆ ಹೋದ ಗೆಳೆಯರ ಮಾತು, ಅಷ್ಟೇ ತಾನೇ?

ಉತ್ತರಲಂಡನ್

ಶ್ರುತಿಪೆಟ್ಟಿಗೆ ಮೇಡಂ, ನಿಮ್ಮ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ನಾನಿರೋದು ಈ ಕಡೆಯೇ, ಫೋರ್ಟಿಸ್ ಗ್ರೀನ್ ರಸ್ತೆಯಲ್ಲಿ ವಾರಕ್ಕೆ ಮೂರ್ನಾಲ್ಕು ಸಲ ಓಡಾಡ್ತೀನಿ.

ಡೆನ್ಮಾರ್ಕ್ ಟೆರೇಸ್ 6ನೇ ನಂಬರ್ ಮನೆ. ಸಾಲುಮನೆಗಳಲ್ಲಿ ಒಂದು. ಅಪ್ಪ ಅಮ್ಮನಿಗೆ ಎಂಟು ಮಕ್ಕಳು: ಮೊದಲು ಆರು ಹೆಣ್ಣು, ಆಮೇಲೆ ರೇ, ಕೊನೆಗೆ ಡೇವ್. ರಸ್ತೆ ಕಡೆಯ ಮುಂದಿನ ಕೋಣೆಯಲ್ಲಿ ಒಂದು ಪಿಯಾನೋ. ಶನಿವಾರ ರಾತ್ರಿ ಎದುರುಗಡೆ ಕ್ಲಿಸೋಲ್ಡ್ ಆರ್ಮ್ಸ್ ಪಬ್ಬಿನಿಂದ ಬಂದ ನೆಂಟರು ಇಷ್ಟರೆಲ್ಲ ಅದರ ಸುತ್ತ ಸೇರಿ ಹಾಡ್ತಿದ್ದರು. ಹುಡುಗರು ಜನರೆದುರು ಮೊದಮೊದಲು ನುಡಿಸಿದ್ದೂ ಆ ಪಬ್ಬಿನಲ್ಲೇ. ಮನೆ ಮುಂದೆ ನಿಂತು ನೋಡಿದರೆ ಆ ಕೋಣೆ ಎಷ್ಟು ಚಿಕ್ಕದಿರಬೇಕು ಅಂತ ಆಶ್ಚರ್ಯ ಆಗುತ್ತೆ. ಅಷ್ಟು ಜನ ಅದರಲ್ಲಿ ಹೇಗೆ ಹಿಡಿಸಿದರೋ.

ಅಕ್ಕಂದಿರಲ್ಲಿ ಒಬ್ಬಳು ರೀನ್. ಚಿಕ್ಕಂದಿನ ಕಾಯಿಲೆಯಿಂದ ಹೃದಯ ದುರ್ಬಲವಾಗಿತ್ತು. ಮದುವೆಯಾಗಿ ಕೆನಡಾಕ್ಕೆ ಹೋದವಳು, ಅಲ್ಲಿ ಸುಖವಿಲ್ಲದೆ ತವರಿಗೆ ಬಂದಿದ್ದಳು. ವೈದ್ಯರು ಕುಣೀಬೇಡ ಅಂದಿದ್ದರು. ಅವಳಿಗೆ ಕುಣಿತ ಅಂದ್ರೆ ಪ್ರಾಣ. 1957ರ ಜೂನ್ 21, ರೇಯ 13ನೇ ಹುಟ್ಟುಹಬ್ಬ. ಅವನು ಬಹಳ ದಿನದಿಂದ ಆಸೆಪಟ್ಟಿದ್ದ ಸ್ಪ್ಯಾನಿಷ್ ಗಿಟಾರನ್ನ ರೀನ್ ತಂದುಕೊಟ್ಟಳು. ಪಿಯಾನೋ ಹತ್ರ ಕೂತು ಅಕ್ಕ ತಮ್ಮ ಒಂದೆರಡು ಹಾಡು ನುಡಿಸಿದರು. ಆಮೇಲೆ ಅವಳು ಪಟ್ಟಣದ ಲೈಸಿಯಂ ನೃತ್ಯಶಾಲೆಗೆ ಹೋದಳು. ಆ ರಾತ್ರಿ ಅಲ್ಲೇ, ಕುಣೀತಾ ಇದ್ದಾಗಲೇ ಕುಸಿದು ತೀರಿಕೊಂಡಳು.

'ಸೀ ಮೈ ಫ್ರೆಂಡ್ಸ್' ಅವಳ ಸಾವಿನ ಹಾಡು ಅಂತ ರೇ ಹೇಳಿದ್ದಾನೆ. ನದಿಯಾಚೆ ಅಂದರೆ ಎಲ್ಲಿ ಅಂತ ಈಗ ನಿಮಗೆ ಅರ್ಥ ಆಗಬಹುದು.

ನದಿ ಅಂದ ಮೇಲೆ ಇನ್ನೊಂದು. ಹುಡುಗನಾಗಿದ್ದಾಗ ರೇ ಕಾಯಿಲೆ ಬಿದ್ದು ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿದ್ದ. ಅದು ಥೇಮ್ಸ್ ದಂಡೆಯ ಮೇಲೇ ಇದೆ. ದಾದಿಯರು ಅವನನ್ನ ಹೊರಗೆ ಕರೆತಂದು ನದಿ ತೋರಿಸ್ತಿದ್ದರಂತೆ. ಹತ್ತು ವರ್ಷದ ಮೇಲೆ 'ವಾಟರ್‌ಲೂ ಸನ್‌ಸೆಟ್' ಬರೀತಾನೆ. ಒಬ್ಬ ಮನುಷ್ಯ ಕಿಟಕಿಯಿಂದ ನದಿಯನ್ನೂ ಜನರನ್ನೂ ನೋಡ್ತಾ, ತಾನು ಮಾತ್ರ ಹೊರಗೆ ಹೋಗದೆ ಕೂತಿರೋ ಹಾಡು. ಮೊದಲು ಅದನ್ನ ಲಿವರ್‌ಪೂಲ್ ಊರಿನ ಮೇಲೆ ಬರೆಯೋಣ ಅಂದುಕೊಂಡಿದ್ದನಂತೆ. ತನ್ನ ನದಿಗೆ ವಾಪಸ್ ಬಂದದ್ದು ನಮ್ಮ ಪುಣ್ಯ.

ಶ್ರುತಿಪೆಟ್ಟಿಗೆ

ಓದಿದ ಮೇಲೆ ಮತ್ತೆ ಕೇಳಿದೆ. ಧನ್ಯವಾದ. ಇವತ್ತು ಇಷ್ಟೇ ಬರೆಯೋಕಾಗೋದು.

ಆರುತಂತಿ

ಪೈಪೋಟಿ ಅಂದ್ರೆ ದಿ ಹೂ ಹೆಸರು ಹೇಳದೆ ಆಗಲ್ಲ. ಇಬ್ಬರಿಗೂ ಒಬ್ಬನೇ ನಿರ್ಮಾಪಕ, ಅಮೆರಿಕದಿಂದ ಬಂದಿದ್ದ ಶೆಲ್ ಟಾಲ್ಮಿ. ಕಿಂಕ್ಸ್ ಹಿಟ್ ಆದಮೇಲೆ ಪೀಟ್ ಟೌನ್‌ಶೆಂಡ್ ಬರೆದ 'ಐ ಕಾಂಟ್ ಎಕ್ಸ್‌ಪ್ಲೇನ್' 1965ರ ಜನವರಿಯಲ್ಲಿ ಬಂತು. ಅಕ್ಕಪಕ್ಕ ಇಟ್ಟು ಕೇಳಿದರೆ ಮಗುವಿಗೂ ಗೊತ್ತಾಗುತ್ತೆ. ಟೌನ್‌ಶೆಂಡ್ ಅದನ್ನ ಮುಚ್ಚಿಟ್ಟಿಲ್ಲ, ಕಿಂಕ್ಸ್ ಅನುಕರಣೆಯೇ ಅಂತ ಒಪ್ಪಿಕೊಂಡಿದ್ದಾನೆ, ರೇಯನ್ನ ಬಾಯ್ತುಂಬ ಹೊಗಳ್ತಾನೆ ಕೂಡ. ದೊಡ್ಡ ಗುಣ ಅದು.

1968ರಲ್ಲಿ ಡೋರ್ಸ್ ಬ್ಯಾಂಡಿನ 'ಹಲೋ ಐ ಲವ್ ಯೂ' ಬಂದಾಗ ಹಾಗಿರಲಿಲ್ಲ. 'ಆಲ್ ಡೇ ಅಂಡ್ ಆಲ್ ಆಫ್ ದಿ ನೈಟ್' ಹಾಡಿಗೆ ಅದು ಎಷ್ಟು ಹತ್ತಿರ ಅಂತ ಇವತ್ತಿಗೂ ವಾದ ನಡೀತಿದೆ. ಆ ಹೊತ್ತಲ್ಲಿ ಕಿಂಕ್ಸ್ ಅಮೆರಿಕದ ವೇದಿಕೆ ಹತ್ತಿ ತಮ್ಮದನ್ನ ತಾವೇ ನುಡಿಸಿ ತೋರಿಸೋ ಹಾಗಿರಲಿಲ್ಲ. ಹಳೆರೇಡಿಯೋ ಸರ್, ಬಾಗಿಲು ಮುಚ್ಚಿದ್ದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕ ಹಾಕಿ. 'ವಾಟರ್‌ಲೂ ಸನ್‌ಸೆಟ್' ಬ್ರಿಟನ್ನಿನಲ್ಲಿ ಎರಡನೇ ಸ್ಥಾನ. ಅಮೆರಿಕದ ಚಾರ್ಟಿನಲ್ಲಿ ಅದರ ಸುಳಿವೇ ಇಲ್ಲ.

ಕಟ್ಟೀಮ್ಯಾಲೆ

ಬೀಟಲ್ಸು, ಹೂ, ಡೋರ್ಸು, ಎಲ್ಲಾ ಹೇಳಿದ್ರಿ. ಆದ್ರ ಕಿಂಕ್ಸ್‌ದ ದೊಡ್ಡ ಹಗೆತನ ಅವರ ಮನಿಯೊಳಗ ಇತ್ತಲ್ಲಾ!

1965ರ ಮೇ 19, ಕಾರ್ಡಿಫ್‌ನ ಕ್ಯಾಪಿಟಲ್ ಥಿಯೇಟರ್. ಹಿಂದಿನ ರಾತ್ರೀನ ಡೇವ್‌ಗೂ ಡ್ರಮ್ ಬಾರಸೂ ಮಿಕ್‌ಗೂ ಕೈಕೈ ಹತ್ತಿತ್ತು. ಕಾರ್ಡಿಫ್‌ನ್ಯಾಗ ಮೊದಲನೇ ಹಾಡು ಮುಗೀತು. ಡೇವ್ ಹಿಂದಕ್ಕ ತಿರುಗಿ ಮಿಕ್‌ಗ ಏನೋ ಬೈದು, ಡ್ರಮ್ಮಿಗೆ ಒದ್ದ. ಡ್ರಮ್ ಎಲ್ಲಾ ಚೆಲ್ಲಾಪಿಲ್ಲಿ. ಮಿಕ್ ಎದ್ದವನ ಹೈ-ಹ್ಯಾಟ್ ತಾಳದ ಸ್ಟ್ಯಾಂಡ್ ಎತ್ತಿ ಡೇವ್‌ನ ತಲೀಗೆ ಹೊಡದಾ. ಡೇವ್ ಅಲ್ಲೇ ಎಚ್ಚರ ತಪ್ಪಿ ಬಿದ್ದ. ತಲೀಗೆ 16 ಹೊಲಿಗಿ. ಸತ್ತನ ಅಂತ ತಿಳಿದು ಮಿಕ್ ವೇದಿಕಿ ಬಟ್ಟೀ ಮ್ಯಾಲೇನ ಬೀದಿಗೆ ಓಡಿ ತಲೀ ತಪ್ಪಿಸಿಕೊಂಡ. ಆಮ್ಯಾಲೆ ಪೊಲೀಸರ ಮುಂದ, ಇದು ನಮ್ಮ ಆಟದ ಭಾಗ ಅಂತ ಹೇಳಿ ಪಾರಾದ್ರು. ತಿಂಗಳು ತುಂಬೂದ್ರಾಗ ಅದ ನಾಲ್ಕು ಮಂದಿ ಕೂಡಿ ಅಮೆರಿಕಾಕ್ಕ ಹೋದ್ರು. ಅಲ್ಲಿ ಜಗಳಾತು ಅಂದ್ರ ಆಶ್ಚರ್ಯ ಏನು?

ಅಣ್ಣತಮ್ಮರದಂತೂ ಕೇಳಲೇಬ್ಯಾಡ್ರಿ. ಹಾಡು ಅಣ್ಣಂದು, ಆ ಹಾಡಿಗಿ ಜೀವಾ ಕೊಟ್ಟ ದನಿ ತಮ್ಮಂದು. ಹೆಸರು ಯಾರದು? 1967ರಾಗ ಡೇವ್ ಒಬ್ಬನ ಹೆಸರಿಲೆ 'ಡೆತ್ ಆಫ್ ಎ ಕ್ಲೌನ್' ಬಂದು ಬ್ರಿಟನ್ನಿನ್ಯಾಗ 3ನೇ ಸ್ಥಾನಕ್ಕ ಹೋತು. ತಮ್ಮ ಬ್ಯಾರೆ ಆಗೇಬಿಡ್ತಾನ ಅಂತ ಮಂದಿ ಅಂದ್ರು. ಆಗಲಿಲ್ಲ. ಒಂದ ಮನಿಯೊಳಗ ಹುಟ್ಟಿದವರಿಗೆ ಬ್ಯಾರೆ ಆಗೂದೂ ಕಷ್ಟ, ಕೂಡಿ ಇರೂದೂ ಕಷ್ಟ. 1984ರಾಗ ಮತ್ತ ಡೇವ್‌ನ ಜಗಳಕ್ಕ ಮಿಕ್ ಬ್ಯಾಂಡ್ ಬಿಟ್ಟ. ರೇ ಅವನ್ನ ಕೈ ಬಿಡಲಿಲ್ಲ, ತಮ್ಮ ಕಾಂಕ್ ಸ್ಟುಡಿಯೋ ನೋಡ್ಕೊಳ್ಳೂ ಕೆಲಸಾ ಕೊಟ್ಟ.

1997ರಾಗ ಡೇವ್‌ನ 50ನೇ ಹುಟ್ಟುಹಬ್ಬ. ಅದ ಕ್ಲಿಸೋಲ್ಡ್ ಆರ್ಮ್ಸ್‌ನ್ಯಾಗ ಪಾರ್ಟಿ. ಅಣ್ಣ ಟೇಬಲ್ ಏರಿ ತನ್ನ ಕೇಕ್ ತುಳದಾ ಅಂತ ಡೇವ್ ಹೇಳ್ಕೊಂಡಾನ. ಅಷ್ಟೊತ್ತಿಗೆ ಬ್ಯಾಂಡೂ ನಿಂತಿತ್ತು. 1996ರ ಮ್ಯಾಲೆ ಕಿಂಕ್ಸ್ ಅನ್ನೂ ಹೆಸರಿನಿಂದ ಅವರು ವೇದಿಕಿ ಏರಿಲ್ಲ.

ಮೂರನೇಬೆಂಚು

ಇದನ್ನ ಓದಿದ್ರೆ ಓಯಸಿಸ್‌ನ ಗ್ಯಾಲಹರ್ ಅಣ್ಣತಮ್ಮಂದಿರು ನೆನಪಾಗ್ತಾರೆ. ಬ್ಲರ್‌ನ ಡೇಮನ್ ಆಲ್ಬರ್ನ್ 1995ರಲ್ಲಿ ಟಿವಿಯಲ್ಲಿ ರೇ ಪಕ್ಕ ಕೂತು 'ವಾಟರ್‌ಲೂ ಸನ್‌ಸೆಟ್' ಹಾಡಿದ್ದನ್ನ ನೋಡಿದ್ದೀನಿ. ಆ ವರ್ಷವೇ ಬ್ಲರ್ ಮತ್ತು ಓಯಸಿಸ್ ಒಂದೇ ದಿನ ಸಿಂಗಲ್ ಬಿಟ್ಟು ಕಾದಾಡಿದ್ದು. ಈಗ ಅನ್ಸುತ್ತೆ, ಒಬ್ಬರು ಕಿಂಕ್ಸ್‌ನ ಬೀದಿ ಹಾಡುಗಳನ್ನ ತಗೊಂಡರು, ಇನ್ನೊಬ್ಬರಿಗೆ ಅವರ ಮನೆ ಜಗಳ ಬಂತು.

ಅಮೆರಿಕಕ್ಕೆ ವಾಪಸ್ ಹೋದ ಮೇಲೆ ಏನಾಯ್ತು ಸರ್?

ಹಳೆರೇಡಿಯೋ

1969ರ ಅಕ್ಟೋಬರ್‌ನಲ್ಲಿ ವಾಪಸ್ ಹೋದರು. ಅಷ್ಟರಲ್ಲಿ ಅಲ್ಲಿ ಇವರನ್ನ ಮರೆತೇಬಿಟ್ಟಿದ್ದರು. ಪೀಟ್ ಕ್ವೈಫ್ ಅದೇ ವರ್ಷ ಬ್ಯಾಂಡ್ ಬಿಟ್ಟಿದ್ದ.

ಕೈ ಹಿಡಿದದ್ದು 1970ರ 'ಲೋಲಾ'. ಅದರದ್ದೊಂದು ಸಂಗತಿ. ಹಾಡಿನಲ್ಲಿ ಕೋಕಾ-ಕೋಲಾ ಹೆಸರಿತ್ತು. ಕಂಪನಿ ಹೆಸರು ಬಂದರೆ ಪ್ರಸಾರ ಮಾಡಲ್ಲ ಅನ್ನೋದು ಬಿಬಿಸಿ ನಿಯಮ. ಬ್ಯಾಂಡು ಅಮೆರಿಕ ಪ್ರವಾಸದಲ್ಲಿತ್ತು. ಒಂದು ಪದ ಬದಲಾಯಿಸೋಕೆ ರೇ ವಿಮಾನ ಹತ್ತಿ ಲಂಡನ್ನಿಗೆ ಬಂದು, 'ಚೆರಿ ಕೋಲಾ' ಅಂತ ಹಾಡಿ ಹೋದ. ಬ್ರಿಟನ್ನಿನಲ್ಲಿ 2, ಅಮೆರಿಕದಲ್ಲಿ 9. ಗಂಡು ಹೆಣ್ಣಿನ ಗೆರೆ ಕಲಸಿಹೋಗೋ ಆ ಹಾಡಲ್ಲಿ ಲೋಲಾಳ ಬಗ್ಗೆ ಕುಹಕ ಇಲ್ಲ. 1970ರಲ್ಲಿ ಅದು ಅಪರೂಪ.

ಎಪ್ಪತ್ತರ ದಶಕದ ಮೊದಲ ಅರ್ಧ ರಂಗನಾಟಕದ ಥರದ ಆಲ್ಬಮ್‌ಗಳು. ಕೆಲವು ಹಾಡು ಬಿಟ್ಟರೆ ನನಗೆ ಅಷ್ಟಾಗಿ ಹಿಡಿಸಲ್ಲ. ರೇ ಸಂಸಾರ ಮುರಿದು ತುಂಬಾ ಕಷ್ಟದಲ್ಲಿದ್ದ ಕಾಲ ಅದು. 1973ರಲ್ಲಿ ಲಂಡನ್ನಿನ ವೈಟ್ ಸಿಟಿ ವೇದಿಕೆ ಮೇಲೆ ಇನ್ನು ಸಾಕು ಅಂತ ಹೇಳಿ ಇಳಿದು ಆಸ್ಪತ್ರೆ ಸೇರಿದ. 1976ರಲ್ಲಿ ಬ್ಯಾಂಡು ಆರಿಸ್ಟಾ ರೆಕಾರ್ಡ್ ಕಂಪನಿಗೆ ಸೇರಿದ ಮೇಲೆ ಗಿಟಾರ್ ಮತ್ತೆ ಜೋರಾಯ್ತು. 1979ರ 'ಲೋ ಬಜೆಟ್' ಆಲ್ಬಮ್ ಅಮೆರಿಕದಲ್ಲಿ 11ನೇ ಸ್ಥಾನಕ್ಕೆ ಹೋಯ್ತು. ವ್ಯಾನ್ ಹೇಲನ್ ತಮ್ಮ ಮೊದಲ ಸಿಂಗಲ್ಲಾಗಿ 'ಯೂ ರಿಯಲಿ ಗಾಟ್ ಮಿ' ನುಡಿಸಿದ್ದರು, ದಿ ಜಾಮ್ 'ಡೇವಿಡ್ ವಾಟ್ಸ್' ಹಾಡಿದ್ದರು, ಪ್ರಿಟೆಂಡರ್ಸ್ ಕೂಡ ಇವರ ಹಾಡಿನಿಂದಲೇ ಶುರು ಮಾಡಿದರು. ಚಿಕ್ಕವರು ಬಂದು ಹಿರಿಯರ ಕೈ ಹಿಡಿದು ಎಬ್ಬಿಸಿದ ಹಾಗೆ.

ಆಮೇಲೆ 1983. ಅಮೆರಿಕದ 6ನೇ ಸ್ಥಾನಕ್ಕೆ 'ಕಮ್ ಡ್ಯಾನ್ಸಿಂಗ್' ಏರಿತು. 1965ರ ನಂತರ ಅಷ್ಟು ಎತ್ತರಕ್ಕೆ ಹೋದ ಇವರ ಹಾಡು ಇದೇ. ಅದು ಏನರ ಮೇಲೆ ಗೊತ್ತಾ? ಕೆಡವಿಹಾಕಿದ ಒಂದು ನೃತ್ಯಶಾಲೆ, ಅಲ್ಲಿಗೆ ಕುಣಿಯೋಕೆ ಹೋಗ್ತಿದ್ದ ಅಕ್ಕ. ಉತ್ತರಲಂಡನ್ ಅವರು ಬರೆದದ್ದನ್ನ ಓದಿದ ಮೇಲೆ ನನ್ನ ಮೂಲ ಪ್ರಶ್ನೆಯನ್ನೇ ಬಿಟ್ಟುಕೊಡೋಣ ಅನ್ನಿಸಿದೆ. ಬಾಗಿಲು ಮುಚ್ಚಿದ್ದಾಗಲೂ ರೀನ್ ಇದ್ದಳು, ತೆರೆದಾಗಲೂ ಅವಳೇ ಇದ್ದಳು.

ಉತ್ತರಲಂಡನ್

ಚೆನ್ನಾಗಿ ಹೇಳಿದ್ರಿ ಸರ್.

ಕೊನೆಯ ಭಾಗ ನಾನು ಸೇರಿಸ್ತೀನಿ. 2004ರ ಜನವರಿಯಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಕಳ್ಳರನ್ನ ಬೆನ್ನಟ್ಟಿ ಹೋಗಿ ರೇ ಕಾಲಿಗೆ ಗುಂಡೇಟು ತಿಂದ. ಅದೇ ಜೂನ್‌ನಲ್ಲಿ ಡೇವ್‌ಗೆ ಪಾರ್ಶ್ವವಾಯು. ಗಿಟಾರ್ ಹಿಡಿಯೋದನ್ನ ಮೊದಲಿಂದ ಕಲಿಯಬೇಕಾಯ್ತು. ಪೀಟ್ ಕ್ವೈಫ್ 2010ರಲ್ಲಿ ತೀರಿಕೊಂಡ. 2012ರ ಒಲಿಂಪಿಕ್ಸ್ ಸಮಾರೋಪದಲ್ಲಿ ರೇ 'ವಾಟರ್‌ಲೂ ಸನ್‌ಸೆಟ್' ಹಾಡಿದ. 2017ರಲ್ಲಿ ಸರ್ ಪದವಿ ಬಂತು.

2015ರ ಡಿಸೆಂಬರ್ 18ಕ್ಕೆ ಇಸ್ಲಿಂಗ್‌ಟನ್ ಅಸೆಂಬ್ಲಿ ಹಾಲ್‌ನಲ್ಲಿ ಡೇವ್ ಕಾರ್ಯಕ್ರಮ. ಮನೆಯಿಂದ ಬಹಳ ದೂರವಲ್ಲ. ಕಡೆಯಲ್ಲಿ ಅಣ್ಣ ವೇದಿಕೆಗೆ ಬಂದು ತಮ್ಮನ ಪಕ್ಕ ನಿಂತು 'ಯೂ ರಿಯಲಿ ಗಾಟ್ ಮಿ' ಹಾಡಿದ. ಸುಮಾರು 20 ವರ್ಷದ ಮೇಲೆ ಇಬ್ಬರೂ ಒಂದೇ ವೇದಿಕೆಯಲ್ಲಿ. ನಾನು ಆಗಿನ್ನೂ ಈ ದೇಶಕ್ಕೆ ಬಂದಿರಲಿಲ್ಲ, ಆ ಬೇಸರ ಹೋಗಲ್ಲ.

ಮೂರನೇಬೆಂಚು

ನಾಳೆ ಬೆಳಗ್ಗೆ ರೈಲಿನಲ್ಲಿ ಎರಡು ಗಂಟೆ ಪ್ರಯಾಣ ಇದೆ. ಎಲ್ಲಿಂದ ಶುರು ಮಾಡ್ಲಿ?

ಹಳೆರೇಡಿಯೋ

ವಿಲೇಜ್ ಗ್ರೀನ್, 15 ಹಾಡಿನದು, ಮೊದಲಿಂದ ಕೊನೆವರೆಗೂ ಮಧ್ಯೆ ಬಿಡದೆ. ಸಮಯ ಉಳಿದರೆ 'ಸೀ ಮೈ ಫ್ರೆಂಡ್ಸ್', ಅದರ ಬೆನ್ನಿಗೇ 'ಕಮ್ ಡ್ಯಾನ್ಸಿಂಗ್'.

ಆರುತಂತಿ

ಅದಕ್ಕೆ 'ಸ್ಟ್ರೇಂಜರ್ಸ್' ಸೇರಿಸ್ಕೋ. 1970ರದು, ಲೋಲಾ ಇರೋ ಆಲ್ಬಮ್ಮಿನಲ್ಲೇ ಇದೆ. ಡೇವ್ ಬರೆದು ಡೇವ್ ಹಾಡಿದ್ದು. ಆ ಒಡಕು ದನಿಯ ಹಿಂದೆ ಡ್ರಮ್ ಎಷ್ಟು ಮೆತ್ತಗೆ, ಹೆಜ್ಜೆಗೆ ಹೆಜ್ಜೆ ಕೊಟ್ಟುಕೊಂಡು ಬರುತ್ತೆ ಅಂತ ಹೆಡ್‌ಫೋನ್ ಹಾಕ್ಕೊಂಡು ಗಮನಿಸು. ಅದನ್ನ ಬಾರಿಸ್ತಿರೋನು ಮಿಕ್ ಏವರಿ, ಕಾರ್ಡಿಫ್‌ನಲ್ಲಿ ಓಡಿಹೋಗಿದ್ದನಲ್ಲ, ಅವನೇ.